ಕೊಳವೆಯ ಒಳಮೈ

ಹೆಂಡತಿ ನೀಲಾಂಬಿಕೆ ಲಿಂಗೈಕ್ಯಳಾದ ಮೇಲೆ ಪರಮಶಿವಯ್ಯನವರ ಬಲ ಅಂಗೈ ಒಂದು ಕಡೆ ನಿಲ್ಲುವುದನ್ನೇ ಮರೆತುಬಿಟ್ಟಿತು. ಕೊಪ್ಪದಲ್ಲಿ ಅಳಿಯನ ಮೋಟಾರ್ ರಿಪೇರಿ ಅಂಗಡಿಗೆ ಹೋದರೆ, ವೈಂಡಿಂಗ್ ಮುಗಿಸಿ ಪರೀಕ್ಷೆಗೆಂದು ಓಡಲು ಬಿಟ್ಟ ಪಂಪಿನ ಮೇಲೆ ಅಂಗೈ ಇಡುತ್ತಿದ್ದರು. ಬಸ್ಸು ಹತ್ತಿದರೆ ಕಿಟಕಿಯ ಗಾಜಿನ ಮೇಲೆ ಇಡುತ್ತಿದ್ದರು. ಮನೆಯಲ್ಲಿ ಫ್ರಿಜ್ಜು ಗುಂಯ್ ಎನ್ನತೊಡಗಿದರೆ ಕುಳಿತಲ್ಲಿಂದ ಎದ್ದುಹೋಗಿ ಅದರ ಬಾಗಿಲ ಮೇಲೆ ಇಡುತ್ತಿದ್ದರು. ಅಳಿಯ ಕಾಂತೇಶ್ ಮೊದಮೊದಲು, ಮಾವನಿಗೆ ಈ ವಯಸ್ಸಿನಲ್ಲಿ ಮೆಕ್ಯಾನಿಕ್ ಆಗುವ ಆಸೆ ಹುಟ್ಟಿತೇನೋ ಎಂದು ನಗುತ್ತಿದ್ದ. ಕಾರಣ ತಿಳಿದ ಮೇಲೆ ನಗುವುದನ್ನು ಬಿಟ್ಟ.

ಕಾರಣ ನೀಲಾಂಬಿಕೆಯ ಎಡಗೈ. ಅವಳ ಎರಡೂ ಮೂತ್ರಪಿಂಡಗಳಲ್ಲಿ ನೀರುಗುಳ್ಳೆಗಳು ತುಂಬಿದ್ದವು. ಅದು ಅವಳ ತವರಿನ ರಕ್ತದಲ್ಲಿಯೇ ಬಂದ ಕಾಯಿಲೆ. ವಾರದಲ್ಲಿ ಮೂರು ಸಲ ಕೊಪ್ಪದ ಆಸ್ಪತ್ರೆಯಲ್ಲಿ ಮೈಯ ರಕ್ತವನ್ನೆಲ್ಲ ಯಂತ್ರಕ್ಕೆ ಬಿಟ್ಟು, ತೊಳೆದು, ಮತ್ತೆ ಮೈಗೆ ತುಂಬಿಸಬೇಕಾಗಿತ್ತು. ಅವಳ ನರಗಳು ಸಣ್ಣವಾದ್ದರಿಂದ ಶಿವಮೊಗ್ಗದ ಡಾಕ್ಟರು ಎಡ ಮುಂಗೈಯ ಚರ್ಮದಡಿಯಲ್ಲಿ ಪ್ಲಾಸ್ಟಿಕ್ಕಿನ ಒಂದು ಕೊಳವೆಯನ್ನು ಕೂಡಿಸಿದ್ದರು. ಸೂಜಿ ಚುಚ್ಚುವುದು ಆ ಕೊಳವೆಗೆ. ರಕ್ತ ಅದರೊಳಗೆ ರಭಸದಿಂದ ಹರಿಯುವಾಗ ಚರ್ಮದಡಿ ದುಂಬಿಯೊಂದು ಸಿಕ್ಕಿಕೊಂಡ ಹಾಗೆ ಗುಂಯ್ಗುಡುತ್ತಿತ್ತು. ಆ ಗುಂಯ್ ನಿಂತರೆ ಒಳಗೆ ರಕ್ತ ಹೆಪ್ಪುಗಟ್ಟಿತೆಂದು ಅರ್ಥ, ದಿನವೂ ಮುಟ್ಟಿ ನೋಡಿ, ನಿಂತರೆ ಕೂಡಲೇ ಬನ್ನಿ ಎಂದು ಡಾಕ್ಟರು ಹೇಳಿ ಕಳುಹಿಸಿದ್ದರು. ಮುಟ್ಟಿ ನೋಡುವ ಕೆಲಸ ಪರಮಶಿವಯ್ಯನವರದಾಯಿತು. ಸ್ನಾನವಾದ ಮೇಲೊಮ್ಮೆ, ಪೂಜೆಯಾದ ಮೇಲೊಮ್ಮೆ, ಮಲಗುವ ಮುಂಚೆ ಒಮ್ಮೆ. ವರ್ಷಗಳು ಕಳೆದಂತೆ ಅದೂ ಒಂದು ವ್ರತವೇ ಆಗಿ, ಅಂಗೈಗೆ ಆ ಮಿಡಿತ ತಾಗದೆ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಎರಡು ಸಲ ಕೊಳವೆ ಕಟ್ಟಿಕೊಂಡಿತು, ಎರಡು ಸಲವೂ ಬಿಡಿಸಿದರು. ಮೂರನೆಯ ಸಲ ಬಿಡಿಸಲಾಗಲಿಲ್ಲ. ಕುತ್ತಿಗೆಗೆ ಹಾಕಿದ ತಾತ್ಕಾಲಿಕ ನಳಿಗೆಯಲ್ಲಿ ಸೋಂಕು ಹತ್ತಿ, ಕಾರ್ತಿಕ ಮುಗಿಯುವ ಹೊತ್ತಿಗೆ ನೀಲಾಂಬಿಕೆ ಶಿವನ ಪಾದ ಸೇರಿದಳು. ಪರಮಶಿವಯ್ಯನವರು ನರಸಿಂಹರಾಜಪುರದ ಬಾಡಿಗೆ ಮನೆ ಬಿಟ್ಟು ಮಗಳು ಶ್ವೇತಳ ಮನೆಗೆ, ಕೊಪ್ಪಕ್ಕೆ ಬಂದರು.

ಬಂದು ಆರು ತಿಂಗಳಾಗುವುದರೊಳಗೆ ಶ್ವೇತಳಿಗೂ ಅದೇ ಕಾಯಿಲೆ ಹಣ್ಣಾಗಿ ನಿಂತಿತು. ಈಗ ಅವಳ ಕುತ್ತಿಗೆಯಲ್ಲಿಯೂ ತಾತ್ಕಾಲಿಕ ನಳಿಗೆ. ಅವಳ ನರಗಳೂ ತಾಯಿಯ ನರಗಳ ಹಾಗೆಯೇ ನೂಲಿನೆಳೆ. ಎಡ ಮುಂಗೈಗೆ ಕೊಳವೆ ಹಾಕಲೇಬೇಕು ಎಂದರು ಶಿವಮೊಗ್ಗದ ಅದೇ ಡಾಕ್ಟರು. ಆದರೆ ಈ ಸಲ ಬೇರೆ ಜಾತಿಯ ಕೊಳವೆಯೊಂದಿದೆ, ಒಳಮೈಗೆ ಲೇಪ ಕೂರಿಸಿದ್ದು, ತಾಯಿಗೆ ಆದದ್ದನ್ನು ನೋಡಿದರೆ ಮಗಳಿಗೆ ಅದೇ ಒಳ್ಳೆಯದು, ಹೊರಗಿನಿಂದ ತರಿಸಬೇಕಾದ್ದರಿಂದ ಸೋಮವಾರದೊಳಗೆ ಹೂಂ ಅನ್ನಿ ಎಂದೂ ಹೇಳಿದರು.

ಲೇಪ ಎಂಬ ಮಾತು ಕೇಳಿ ಪರಮಶಿವಯ್ಯನವರ ಕಿವಿ ನೆಟ್ಟಗಾಯಿತು. ಅವರು ಹೈಸ್ಕೂಲಿನ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಆದರೆ ಮನೆತನದ ಕಸುಬು ಬೇರೆ. ಕೊರಳಲ್ಲಿ ಕಟ್ಟಿಕೊಳ್ಳುವ ಇಷ್ಟಲಿಂಗದ ಒಳಗಿರುವುದು ಸಣ್ಣ ಕಲ್ಲು. ಅದರ ಮೇಲೆ ಕಪ್ಪಗೆ ಹೊಳೆಯುವ ಲೇಪ ಕಟ್ಟುತ್ತಾರೆ. ಬಾಳೆಹೊನ್ನೂರು, ನರಸಿಂಹರಾಜಪುರದ ಕಡೆಯ ಎಷ್ಟೋ ಮನೆಯವರು ಲೇಪ ಬಿರುಕು ಬಿಟ್ಟ ಲಿಂಗವನ್ನು ಪರಮಶಿವಯ್ಯನವರ ತಂದೆಯ ಬಳಿಗೆ ತರುತ್ತಿದ್ದರು, ಆಮೇಲೆ ಅವರ ಬಳಿಗೆ.

ಮೊಮ್ಮಗಳು ಕೃತಿಕಾ ಆ ಶನಿವಾರ ಮಂಗಳೂರಿನ ಕಡೆಯಿಂದ ಬಂದಿದ್ದಳು. ಅಲ್ಲಿ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಅವಳ ಸಂಶೋಧನೆ. ಅಜ್ಜಿಯ ಕೊಳವೆ ಮೊದಲ ಸಲ ಕಟ್ಟಿಕೊಂಡಾಗ ಅವಳಿನ್ನೂ ಡಿಗ್ರಿ ಓದುತ್ತಿದ್ದಳು. ಪ್ಲಾಸ್ಟಿಕ್ಕಿನೊಳಗೆ ಹರಿದರೆ ರಕ್ತ ಏಕೆ ಗಟ್ಟಿಯಾಗಬೇಕು ಎಂದು ಆಗ ಹಿಡಿದ ಹಟ ಅವಳನ್ನು ಅಲ್ಲಿಯವರೆಗೆ ಎಳೆದುಕೊಂಡು ಹೋಗಿತ್ತು. ಪರಮಶಿವಯ್ಯನವರು ಅವಳನ್ನು ಹಿತ್ತಿಲಿಗೆ ಕರೆದು, ಆ ಕೊಳವೆಯ ವಿಷಯ ನನಗೆ ತಿಳಿಯುವ ಹಾಗೆ ಹೇಳು ಎಂದರು. ಅವಳು ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಕೆಸುವಿನ ಎಲೆಯೊಂದನ್ನು ಬಗ್ಗಿಸಿ, ಅದರ ಮೇಲೆ ನಾಲ್ಕು ಹನಿ ನೀರು ಹಾಕಿದಳು. ಹನಿಗಳು ಗುಂಡಾಗಿ ಉರುಳಿ ಕೆಳಗೆ ಬಿದ್ದವು.

ಪ್ಲಾಸ್ಟಿಕ್ ಅಂದರೆ ಹೀಗೆ, ನೀರನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ ಎಂದಳು.

ಹಾಗಾದರೆ ರಕ್ತವೂ ಅಂಟದೆ ಉರುಳಿ ಹೋಗಬೇಕಲ್ಲ ಎಂದರು ಅಜ್ಜ.

"ಎಲ್ಲರೂ ಹಾಗೇ ಅಂದ್ಕೊಳ್ಳೋದು ಅಜ್ಜ. ಆದ್ರೆ ರಕ್ತ ಬರೀ ನೀರಲ್ಲ. ನೀರು ದೂರ ಸರಿದ ಜಾಗಕ್ಕೆ ರಕ್ತದಲ್ಲಿರೋ ಅಂಟು ಪದಾರ್ಥ ಬಂದು ಕೂರತ್ತೆ. ಒಂದರ ಮೇಲೊಂದು ಕೂತು ಕೂತು, ಇಲ್ಲೇನೋ ಗಾಯ ಆಗಿದೆ ಅಂತ ರಕ್ತಕ್ಕೆ ಅನ್ನಿಸತ್ತೆ. ಗಾಯ ಆದ್ರೆ ಮುಚ್ಚಬೇಕಲ್ಲ, ಮುಚ್ಚೋಕೆ ಹೊರಡತ್ತೆ. ಒಳ್ಳೇದು ಮಾಡೋಕೆ ಹೋಗಿ ದಾರಿನೇ ಕಟ್ಟತ್ತೆ."

ಆದ್ದರಿಂದ ಪ್ಲಾಸ್ಟಿಕ್ಕಿನ ಒಳಮೈಯನ್ನೇ ಬದಲಾಯಿಸಬೇಕು ಎಂದು ಅವಳು ಮುಂದುವರಿಸಿದಳು. ತನ್ನ ಪ್ರಯೋಗಾಲಯದಲ್ಲಿ ಅದರ ಮೇಲೆ ಸಸಿಮಡಿಯ ಹಾಗೆ ಒತ್ತೊತ್ತಾಗಿ ಕಣ್ಣಿಗೆ ಕಾಣದ ಎಳೆಗಳನ್ನು ನೆಡುತ್ತಾರೆ. ಅವು ನೀರನ್ನು ಪ್ರೀತಿಸುವ ಎಳೆಗಳು. ಗದ್ದೆಯಲ್ಲಿ ನೀರು ನಿಂತ ಹಾಗೆ ಎಳೆಗಳ ನಡುವೆ ನೀರು ನಿಲ್ಲುತ್ತದೆ. ರಕ್ತ ಬಂದು ಮುಟ್ಟಿದರೆ ನೀರನ್ನೇ ಮುಟ್ಟಿ ಮುಂದಕ್ಕೆ ಹೋಗುತ್ತದೆ, ಅಲ್ಲಿ ಪರಕೀಯ ವಸ್ತುವೊಂದಿದೆ ಎಂಬುದೇ ಅದಕ್ಕೆ ತಿಳಿಯುವುದಿಲ್ಲ.

ನುಣುಪಾದ ಮೈಗೆ ಎಳೆ ಹಿಡಿಯುತ್ತದೆಯೇ ಎಂದು ಪರಮಶಿವಯ್ಯನವರು ಕೇಳಿದರು. ಹಿಡಿಯುವುದಿಲ್ಲ, ಮೊದಲು ಮಿಂಚು ಹಾಯಿಸಿದ ಗಾಳಿಯಲ್ಲಿಟ್ಟು ಅದರ ಮೈ ಕೆಣಕಬೇಕು ಎಂದಳು ಅವಳು. ಮುದುಕರಿಗೆ ಬಹಳ ದಿನದ ಮೇಲೆ ಸಂತೋಷವಾಯಿತು. ನಮ್ಮಪ್ಪನೂ ಲೇಪ ಕಟ್ಟುವ ಮುಂಚೆ ಲಿಂಗದ ಕಲ್ಲನ್ನು ಒರಟು ಕಲ್ಲಿಗೆ ತಿಕ್ಕುತ್ತಿದ್ದರು, ನಯವಾದ ಕಲ್ಲು ಲೇಪಕ್ಕೆ ಒಲಿಯುವುದಿಲ್ಲ ಎಂದರು. ಅಜ್ಜ ಮೊಮ್ಮಗಳಿಬ್ಬರೂ ಒಂದೇ ಅಂಗಡಿಯವರ ಹಾಗೆ ಸ್ವಲ್ಪ ಹೊತ್ತು ಮಾತಾಡಿದರು. ಹಾಗಾದರೆ ನಿಮ್ಮಮ್ಮನಿಗೆ ನೀನು ಮಾಡಿದ್ದನ್ನೇ ಹಾಕಿಸು ಎಂದರು ಅವರು.

"ನಂದಿನ್ನೂ ಬಾಟಲಿಯೊಳಗಿದೆ ಅಜ್ಜ. ಮನುಷ್ಯರ ಕೈಗೆ ಬರೋಕೆ ಎಷ್ಟೋ ವರ್ಷ ಬೇಕು. ಅಮ್ಮನ ಕೈ ಅಲ್ಲಿ ತನಕ ಕಾಯಲ್ಲ. ಈಗ ಸಿಗೋದು ಹೆಪಾರಿನ್ ಕೂರಿಸಿದ್ದು. ರಕ್ತ ಗಟ್ಟಿಯಾಗದ ಹಾಗೆ ತಡೆಯೋ ಔಷಧಿ, ಅದನ್ನೇ ಒಳಮೈಗೆ ಭದ್ರವಾಗಿ ಕಟ್ಟಿರ್ತಾರೆ."

ಅದನ್ನು ಯಾವುದರಿಂದ ಮಾಡುತ್ತಾರೆ ಎಂದು ಅವರು ಕೇಳಿದ್ದು ಕಸುಬಿನವನ ಕುತೂಹಲದಿಂದ. ತಮ್ಮ ಲೇಪದ ಬೂದಿ, ಅಂಟು, ಗುಡ್ಡೆಗೇರು ಕಾಯಿಯ ಎಣ್ಣೆ ಇವೆಲ್ಲ ಎಲ್ಲಿಂದ ಬರುತ್ತವೆ ಎಂದು ಅವರಿಗೆ ಗೊತ್ತಿದ್ದ ಹಾಗೆ, ಇದರದ್ದೂ ಗೊತ್ತಿರಲಿ ಎಂದು. ಕೃತಿಕಾ ಎಲೆಯನ್ನು ಕೈಬಿಟ್ಟಳು. ಅಜ್ಜನಿಗೆ ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಹಂದಿಯ ಕರುಳಿನಿಂದ ತೆಗೆಯುತ್ತಾರೆ ಎಂದಳು.

ಪರಮಶಿವಯ್ಯನವರು ಒಳಗೆ ಹೋಗಿ ಕೈಕಾಲು ತೊಳೆದುಕೊಂಡರು. ಹೊರಗಿನ ಹೋಟೆಲಿನಲ್ಲಿ ನೀರನ್ನೂ ಕುಡಿಯದೆ ಬಾಟಲಿ ಹೊತ್ತು ತಿರುಗುವವರು ಅವರು. ಮಗಳು ದಿನವೂ ಲಿಂಗವಿಟ್ಟು ಪೂಜಿಸುವುದು ಎಡ ಅಂಗೈಯಲ್ಲಿ. ಕೊಳವೆ ಬರುವುದು ಆ ಅಂಗೈಯಿಂದ ಗೇಣು ದೂರದಲ್ಲಿ. ಹಂದಿಯ ಕರುಳನ್ನು ಸವರಿಕೊಂಡು ಬಂದ ರಕ್ತ ಲಿಂಗದ ಪೀಠಕ್ಕೆ ಹರಿಯಬೇಕೇ? ಊಟಕ್ಕೆ ಕುಳಿತಾಗ, ಲೇಪವಿಲ್ಲದ ಬರಿಯ ಕೊಳವೆಯೇ ಸಾಕು, ಅದು ಶುದ್ಧವಾದದ್ದು ಎಂದು ಹೇಳಿಬಿಟ್ಟರು.

ಕೃತಿಕಾ, "ಅಜ್ಜ, ಆದ್ರೆ ಅಲ್ಲಿ ಆಸ್ಪತ್ರೇಲಿ..." ಎಂದು ಬಾಯಿ ತೆರೆದವಳು ಯಾಕೋ ಮುಚ್ಚಿಕೊಂಡಳು. ಶ್ವೇತ ಅನ್ನದಲ್ಲಿ ಬೆರಳಾಡಿಸುತ್ತ, ತನಗೂ ಅದನ್ನು ಕೇಳಿ ಒಂಥರಾ ಆಯಿತು, ಅಪ್ಪಾಜಿ ಹೇಗೆ ಹೇಳುತ್ತಾರೋ ಹಾಗೆ ಎಂದಳು. ಕಾಂತೇಶ್ ಊಟ ಮುಗಿಸಿ, ಕೈತೊಳೆದು ಬಂದು, ಮಾವನ ಎದುರಿಗೆ ನಿಂತ. ಅವನು ಎಂದೂ ಎದುರಾಡಿದವನಲ್ಲ.

"ಮಾವ, ಅತ್ತೆಗೆ ಹಾಕಿದ್ದು ಬರೀ ಕೊಳವೆನೇ. ಶುದ್ಧವಾದ್ದೇ. ಅದು ಏನು ಮಾಡ್ತು ಅಂತ ನಾವೆಲ್ಲ ನೋಡಿದೀವಿ. ನಂಗೆ ಶ್ವೇತ ಬೇಕು, ಅಷ್ಟೆ."

ಹೇಳಿ ಅಂಗಡಿಗೆ ಹೊರಟುಹೋದ. ಆ ಮಾತು ಮನೆಯಲ್ಲಿ ಉಳಿಯಿತು.

ಭಾನುವಾರ ಬೆಳಿಗ್ಗೆ ಪರಮಶಿವಯ್ಯನವರು ಪೂಜೆಗೆ ಕುಳಿತರೆ ಲಿಂಗದ ಮೇಲೆ ದೃಷ್ಟಿ ನಿಲ್ಲಲಿಲ್ಲ. ಎದ್ದು ಬಾಳೆಹೊನ್ನೂರಿನ ಬಸ್ಸು ಹತ್ತಿದರು. ಮಠದಲ್ಲಿ ತಿಳಿದ ಹಿರಿಯರನ್ನು ಕೇಳಿದರೆ ಒಂದು ದಾರಿ ಸಿಕ್ಕೀತು ಎಂದು ಬಸ್ಸಿನುದ್ದಕ್ಕೂ ಪ್ರಶ್ನೆಯನ್ನು ಜೋಡಿಸಿಕೊಂಡರು. ಬಾಗಿಲವರೆಗೆ ಹೋಗಿ ಚಪ್ಪಲಿ ಬಿಟ್ಟರು. ಹಿರಿಯರು ಬೇಡ ಎಂದುಬಿಟ್ಟರೆ? ಕಾಂತೇಶನ ಮುಖ ಕಣ್ಣೆದುರು ಬಂತು. ಆಗಲಿ ಎಂದುಬಿಟ್ಟರೆ? ಆಗ ತಮ್ಮ ಮನಸ್ಸಿನ ಮುಳ್ಳು ಹೋಗುತ್ತದೆಯೇ? ಹೋಗುವುದಿಲ್ಲ ಎನ್ನಿಸಿತು. ಯಾರೋ ಪರಿಚಯದವರು ಶರಣು ಎಂದು ಕೈಮುಗಿದು, ದರ್ಶನಕ್ಕೆ ಬಂದಿರೋ ಎಂದು ಕೇಳಿದರು. ಹೌದು ಎಂದು ಹೇಳಿ, ದರ್ಶನ ಮಾಡಿ, ಯಾರನ್ನೂ ಏನನ್ನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರು.

ಬಸ್ ನಿಲ್ದಾಣದಲ್ಲಿ ಕೊಪ್ಪದ ಬಸ್ಸು ನಿಂತಿತ್ತು. ಅವರು ನರಸಿಂಹರಾಜಪುರದ ಬಸ್ಸು ಹತ್ತಿದರು.

ನೀಲಾಂಬಿಕೆಯ ಸಮಾಧಿಯ ಮೇಲಿನ ಮಣ್ಣು ಅಷ್ಟರಲ್ಲಿ ಕುಸಿದು ಸಮನಾಗಿತ್ತು. ಯಾರೋ ಕಟ್ಟಿದ್ದ ಎಮ್ಮೆ ಅಂಚಿನ ಹುಲ್ಲು ಮೇಯುತ್ತಿತ್ತು. ಅವರು ಪಕ್ಕದ ಕಲ್ಲಿನ ಮೇಲೆ ಕುಳಿತರು, ಎದ್ದರು, ಒಂದೆರಡು ಕಳೆ ಕಿತ್ತರು, ಮತ್ತೆ ಕುಳಿತರು. ಆ ದಿನ ಗುಣಿಯೊಳಗೆ ಅವಳನ್ನು ಪದ್ಮಾಸನದಲ್ಲಿ ಕೂರಿಸಿದ ಮೇಲೆ, ಕರಡಿಗೆಯಿಂದ ಲಿಂಗವನ್ನು ತೆಗೆದು ಅವಳ ಎಡ ಅಂಗೈಯಲ್ಲಿಟ್ಟವರು ತಾವೇ. ಲಿಂಗ ಜಾರದಿರಲೆಂದು ಆ ಕೈಯನ್ನು ಎದೆಗೆ ಒತ್ತಿ ಹಿಡಿದಾಗ ಅವರ ಬೆರಳಿಗೆ ಕೊಳವೆ ಸಿಕ್ಕಿತ್ತು. ಗಟ್ಟಿಯಾಗಿ, ತಣ್ಣಗೆ, ಸದ್ದಿಲ್ಲದೆ. ಮೈ ಮಣ್ಣಾಗುತ್ತದೆ; ಲಿಂಗ ಮಣ್ಣಾಗುವುದಿಲ್ಲ. ಆ ಪ್ಲಾಸ್ಟಿಕ್ಕೂ ಮಣ್ಣಾಗುವುದಿಲ್ಲವಂತೆ. ಹಾಗಾದರೆ ಈಗ ಒಳಗೆ ಅವೆರಡೇ ಒಂದರ ಪಕ್ಕದಲ್ಲೊಂದು ಇರುತ್ತವೆ. ಒಂದು ಅವಳ ಪ್ರಾಣಲಿಂಗ, ಇನ್ನೊಂದು ಅವಳ ಪ್ರಾಣವನ್ನು ಕಟ್ಟಿದ್ದು.

ಅದು ಶುದ್ಧವಾದದ್ದು ಎಂದು ತಾವು ನಿನ್ನೆ ಊಟದ ಮುಂದೆ ಹೇಳಿದ್ದು ನೆನಪಾಯಿತು. ಮಣ್ಣಿನ ಮೇಲೆ ಬಲ ಅಂಗೈ ಇಟ್ಟರು. ಅಲ್ಲಿ ಏನೂ ಮಿಡಿಯಲಿಲ್ಲ. ಎಮ್ಮೆ ಮಾತ್ರ ತಲೆಯೆತ್ತಿ ನೋಡಿತು.

ಸೋಮವಾರ ಶ್ವೇತಳಿಗೆ ಡಯಾಲಿಸಿಸ್ ಇತ್ತು. ಕಾಂತೇಶ್ ಇಬ್ಬರನ್ನೂ ಆಸ್ಪತ್ರೆಗೆ ಬಿಟ್ಟು, ಡಾಕ್ಟರಿಗೆ ಸಂಜೆಯೊಳಗೆ ಫೋನು ಮಾಡಬೇಕು ಎಂದಷ್ಟೇ ಹೇಳಿ ಹೋದ. ಏನೆಂದು ಮಾಡಬೇಕು ಎಂದು ಅವನು ಕೇಳಲಿಲ್ಲ, ಇವರು ಹೇಳಲಿಲ್ಲ. ಶ್ವೇತ ಯಂತ್ರಕ್ಕೆ ಸೇರಿದ ಸ್ವಲ್ಪ ಹೊತ್ತಿಗೆ ಎಂದಿನಂತೆ ನಿದ್ದೆ ಹೋದಳು. ಪರಮಶಿವಯ್ಯನವರು ಸ್ಟೂಲಿನ ಮೇಲೆ ಕುಳಿತು, ಎದ್ದು ಕಿಟಕಿಯ ಹತ್ತಿರ ಹೋಗಿ, ಬಂದು, ಮತ್ತೆ ಕುಳಿತರು.

ಪಕ್ಕದ ಹಾಸಿಗೆಯಲ್ಲಿದ್ದವಳು ಬೇಗಾರಿನ ಗುಡ್ಡಮ್ಮ. ಕೂಲಿ ಮಾಡಿ ಬದುಕಿದ ಹೆಂಗಸು. ನೀಲಾಂಬಿಕೆಯ ಕಾಲದಿಂದಲೂ ಆ ಹಾಸಿಗೆ ಅವಳದೇ. ಇಬ್ಬರೂ ವರ್ಷಗಟ್ಟಲೆ ಅಕ್ಕಪಕ್ಕ ಮಲಗಿ ರಕ್ತ ತೊಳೆಸಿಕೊಂಡವರು. ಅವಳು ಬಹಳ ಹೊತ್ತು ಇವರ ಓಡಾಟ ನೋಡಿ, "ಅಯ್ಯನೋರೇ, ಒಂದು ಕಡೆ ಕೂತ್ಕಳಿ ಮಾರಾಯ್ರೇ. ನಿಮ್ಮನ್ನ ನೋಡಿ ನೋಡಿ ನನ್ನ ಮಿಶಿನ್ನಿಗೇ ತಲೆ ತಿರುಗ್ತದೆ" ಎಂದಳು.

ಅವರು ಕುಳಿತರು. ಅಷ್ಟರಲ್ಲಿ ಟೆಕ್ನಿಷಿಯನ್ ಬಂದು ಗುಡ್ಡಮ್ಮನ ಯಂತ್ರದ ನಳಿಗೆಗೆ ಸಿರಿಂಜಿನಿಂದ ಔಷಧಿ ಸೇರಿಸಿ ಹೋದ. ಈ ಸಿರಿಂಜನ್ನು ಪರಮಶಿವಯ್ಯನವರು ವರ್ಷಗಳಿಂದ ನೋಡುತ್ತ ಬಂದಿದ್ದರು. ರಕ್ತ ಗಟ್ಟಿಯಾಗದಿರಲಿ ಎಂದು ಹಾಕುತ್ತಾರೆ ಎಂಬುದು ಗೊತ್ತಿತ್ತು. ಅದರ ಹೆಸರನ್ನು ಎಂದೂ ಕೇಳಿರಲಿಲ್ಲ.

"ಗುಡ್ಡಮ್ಮ, ಆ ಔಷಧಿ ಹೆಸರೇನು?"

"ಅದೇ ಹಪ್ಪರಿನ್ನೋ ಏನೋ. ಹಂದಿ ಔಷಧಿ." ಅವಳು ನಕ್ಕಳು. "ನೋಡಿ, ಕಾಡುಹಂದಿ ನಮ್ಮ ಗದ್ದೆ ಎಲ್ಲ ಉತ್ತು ಹಾಳು ಮಾಡಿದ್ದು ಸಾಲ್ದು ಅಂತ ಈಗ ಮೈಯೊಳಗೂ ಓಡಾಡ್ತವೆ."

ಪರಮಶಿವಯ್ಯನವರು ಮಗಳ ಯಂತ್ರದ ಕಡೆ ನೋಡಿದರು. ಅಲ್ಲಿಯೂ ಅಂಥದೇ ಸಿರಿಂಜು ಹಿಡಿಕೆಯಲ್ಲಿ ಕುಳಿತು ತಾನಾಗಿ ಮೆಲ್ಲಗೆ ಒಳಕ್ಕೆ ಜರುಗುತ್ತಿತ್ತು. ಎಲ್ಲರಿಗೂ ಅದನ್ನೇ ಹಾಕುತ್ತಾರೆಯೇ ಎಂದು ಕೇಳಿದರು. ಎಲ್ಲರಿಗೂ, ಪ್ರತಿ ಸಲವೂ ಎಂದಳು ಗುಡ್ಡಮ್ಮ. ಆಮೇಲೆ ಅವಳ ನಗು ನಿಂತಿತು. ಎದ್ದು ಕೂರಲಾಗದೆ ತಲೆಯನ್ನು ಮಾತ್ರ ಇತ್ತ ತಿರುಗಿಸಿ, ನೀಲಮ್ಮೋರು ನಿಮಗೆ ಹೇಳಿರಲೇ ಇಲ್ಲವೇ ಎಂದು ಕೇಳಿದಳು.

ಅವಳು ಹೇಳಿದ್ದು ಇಷ್ಟು. ಕೃತಿಕಾ ಒಮ್ಮೆ ಅಜ್ಜಿಯನ್ನು ನೋಡಲು ಇಲ್ಲಿಗೆ ಬಂದಿದ್ದಾಗ ನೀಲಾಂಬಿಕೆಯೇ ಆ ಔಷಧಿಯನ್ನು ಯಾವುದರಿಂದ ಮಾಡುತ್ತಾರೆ ಎಂದು ಕೇಳಿದ್ದಳು. ಹುಡುಗಿ ಹೇಳಿದಳು. ನೀಲಾಂಬಿಕೆ ಆ ದಿನ ಯಂತ್ರ ಮುಗಿಯುವವರೆಗೂ ಕಣ್ಣು ಮುಚ್ಚಿಕೊಂಡೇ ಇದ್ದಳು. ಗುಡ್ಡಮ್ಮ ತಡೆಯಲಾರದೆ ಚೇಷ್ಟೆ ಮಾಡಿದಳು: ನೀಲಮ್ಮೋರೇ, ನಾನು ಮಾಂಸ ತಿನ್ನೋಳು ಅಂತ ನಿಮ್ಮ ಟಿಫಿನ್ ಡಬ್ಬಿ ದೂರ ಇಟ್ಕೊಳ್ತಿದ್ರಿ, ಈಗ ನನಗೂ ನಿಮಗೂ ಒಂದೇ ಹಂದಿ ಅಲ್ವಾ. ನೀಲಾಂಬಿಕೆ ಸಿಟ್ಟಾಗಲಿಲ್ಲ. ಕಣ್ಣು ಬಿಟ್ಟು ನಕ್ಕಳು. ಮುಂದಿನ ಸಲ ಬರುವಾಗ ಡಬ್ಬಿಯಲ್ಲಿ ಇಬ್ಬರಿಗಾಗುವಷ್ಟು ಅಕ್ಕಿರೊಟ್ಟಿ ತಂದಳು.

"ಆಮೇಲೆ ಒಂದಿನ ನಾನೇ ಕೇಳ್ದೆ. ಅಲ್ಲ ನೀಲಮ್ಮೋರೇ, ಈ ಕೈ ಮೇಲೆ ದೇವ್ರನ್ನ ಇಟ್ಕಂತೀರಲ್ಲ, ಮನಸ್ಸಿಗೆ ಏನೂ ಅನ್ಸಲ್ವಾ ಅಂತ. ಅದಕ್ಕೆ ಅವ್ರು ಏನಂದ್ರು ಗೊತ್ತಾ? ಲಿಂಗ ನನ್ನ ಅಂಗೈ ಕೇಳ್ತು ಗುಡ್ಡಮ್ಮ. ಒಳಗೆ ಹರಿಯೋದು ಯಾರದ್ದು ಅಂತ ಕೇಳ್ಲಿಲ್ಲ. ಪಾಪ ಆ ಪ್ರಾಣಿ ತನ್ನ ಕರುಳು ಕೊಟ್ಟು ನನ್ನನ್ನ ಇನ್ನೊಂದು ಪೂಜೆಗೆ ಉಳಿಸ್ತದೆ. ಪೂಜೇಲಿ ಅದರ ಪಾಲೂ ಇರ್ಲಿ. ಹಂಗಂದ್ರು."

ಪರಮಶಿವಯ್ಯನವರು ಮಗಳ ಎಡ ಅಂಗೈಯ ಕಡೆ ನೋಡಿದರು.

"ನಿಮಗೆ ಹೇಳ್ಬಾರ್ದು ಅಂತ ನನ್ನ ಹತ್ರಾನೂ ಆ ಹುಡುಗಿ ಹತ್ರಾನೂ ಆಣೆ ಹಾಕಿಸ್ಕಂಡಿದ್ರು. ಅವ್ರಿಗೆ ಗೊತ್ತಾದ್ರೆ ಅನ್ನ ಬಿಟ್ಟು ಕೂತ್ಕಂತಾರೆ, ಆಮೇಲೆ ನನ್ನ ಕೈ ಮುಟ್ಟಿ ನೋಡೋರು ಯಾರು ಅಂತ. ಈಗ ನೀಲಮ್ಮೋರೇ ಇಲ್ಲ. ಆಣೆ ಇನ್ನು ಯಾರಿಗೆ?"

ಗುಡ್ಡಮ್ಮ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ಅವರು ಎದ್ದು ಮತ್ತೆ ಕಿಟಕಿಯ ಬಳಿಗೆ ಹೋದರು. ಹೊರಗೆ ಆಟೋದವರು ಏನನ್ನೋ ಹೇಳಿಕೊಂಡು ನಗುತ್ತಿದ್ದರು. ಡಯಾಲಿಸಿಸ್ ಆದ ದಿನ ನೀಲಾಂಬಿಕೆ ಸಂಜೆಯ ಪೂಜೆಗೆ ಬೇರೆ ದಿನಗಳಿಗಿಂತ ಹೆಚ್ಚು ಹೊತ್ತು ಕೂರುತ್ತಿದ್ದಳು. ಆಯಾಸಕ್ಕೆ ಕೈ ನಿಧಾನವಾಗಿದೆ ಎಂದು ಅವರು ತಿಳಿದಿದ್ದರು. ಹಾಗಾದರೆ ಅವಳಿಗೂ ಮನಸ್ಸಿನೊಳಗೆ ಮುಳ್ಳು ಇದ್ದೇ ಇತ್ತು. ಅದನ್ನು ಒಬ್ಬಳೇ ದಿನದಿನವೂ ಲಿಂಗದ ಮುಂದೆ ತೆಗೆದು ಇಡುತ್ತಿದ್ದಳು. ಮೊಣಕೈ ಬಹಳ ಹೊತ್ತು ಮಡಿಚಿರಬೇಡಿ, ಕೊಳವೆ ಒತ್ತುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವಳು ಮಡಿಚಿದ ಕೈಯ ಮೇಲೆಯೇ ಲಿಂಗವನ್ನಿಟ್ಟುಕೊಂಡು ಅಷ್ಟು ಹೊತ್ತು ಕೂರುತ್ತಿದ್ದಳು. ಕಟ್ಟಿಕೊಂಡದ್ದು ಆ ಪ್ಲಾಸ್ಟಿಕ್ಕಿನ ಗುಣದಿಂದಲೋ, ಆ ಮಡಿಚಿದ ಕೈಯಿಂದಲೋ? ಅದನ್ನು ಇನ್ನು ಯಾರೂ ಹೇಳಲಾರರು. ಪಕ್ಕದಲ್ಲೇ ಕುಳಿತಿದ್ದ ತಾವು ಆ ಕೈಗೆ ಒಂದು ಆಸರೆ ಕೊಡಬಹುದಾಗಿತ್ತು ಎಂಬುದು ಮಾತ್ರ ಅವರಿಗೆ ಆಗ ಹೊಳೆಯಿತು.

ಶ್ವೇತ ಎಚ್ಚರಗೊಂಡಾಗ ಅಪ್ಪ ಅವಳ ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದರು. ಏನಾಯಿತು ಅಪ್ಪಾಜಿ, ಅತ್ತಿದ್ದೀರಾ ಎಂದಳು.

"ಇಲ್ಲ. ನೋಡು ಶ್ವೇತ, ಡಾಕ್ಟ್ರು ಹೇಳಿದ ಕೊಳವೆನೇ ಹಾಕಿಸ್ಕೊ. ಲೇಪ ಇರೋದು."

ಅವಳು ಮುಖವನ್ನು ಅವರತ್ತ ತಿರುಗಿಸಿದಳು. "ನೀವು ಒಲ್ಲದ ಮನಸ್ಸಿಂದ ಹೇಳ್ತಿದ್ರೆ ಬೇಡ ಅಪ್ಪಾಜಿ. ನಾಳೆ ನೀವು ನನ್ನ ಪಕ್ಕ ಪೂಜೆಗೆ ಕೂರದೆ ಹೋದ್ರೆ ನನಗೆ ತಡೆಯೋಕಾಗಲ್ಲ."

"ನಿಮ್ಮಮ್ಮನ ಪಕ್ಕ ಕೂತಿದ್ನಲ್ಲ" ಎಂದರು ಅವರು. ಗುಡ್ಡಮ್ಮನೇ ಪಕ್ಕದಿಂದ ಉಳಿದದ್ದನ್ನು ಹೇಳಿ ಮುಗಿಸಿದಳು. ಶ್ವೇತ ಕೇಳುತ್ತ ಕೇಳುತ್ತ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವರಿಗೆ ತಿಳಿಯಲಿಲ್ಲ. ಪರಮಶಿವಯ್ಯನವರು ಹೊರಗೆ ಬಂದು ತಾವೇ ಕಾಂತೇಶನಿಗೆ ಫೋನು ಮಾಡಿ, ಡಾಕ್ಟರಿಗೆ ಹೂಂ ಎಂದು ಹೇಳಿಬಿಡು ಎಂದರು. ಅತ್ತ ಮೋಟಾರಿನ ಸದ್ದು ಕೇಳಿಸುತ್ತಿತ್ತು. ಅದು ನಿಂತಿತು. ಯಾವುದಕ್ಕೆ ಹೂಂ ಎಂದು ಅಳಿಯ ಎರಡು ಸಲ ಕೇಳಿ ಖಚಿತ ಮಾಡಿಕೊಂಡ.

ಶಸ್ತ್ರಚಿಕಿತ್ಸೆ ಶಿವಮೊಗ್ಗದಲ್ಲಿ ಮುಂದಿನ ವಾರ ಆಯಿತು. ಕೃತಿಕಾ ರಜೆ ಹಾಕಿ ಬಂದಿದ್ದಳು. ಆಪರೇಷನ್ ಕೋಣೆಯ ಹೊರಗೆ ಅಜ್ಜನಿಗೂ ಕೂರಲಾಗಲಿಲ್ಲ, ಅವಳಿಗೂ ಕೂರಲಾಗಲಿಲ್ಲ. ಇಬ್ಬರೂ ಓಣಿಯ ಈ ತುದಿಯಿಂದ ಆ ತುದಿಗೆ ಎದುರುಬದುರಾಗಿ ನಡೆದರು. ಒಮ್ಮೆ ನಡುವೆ ನಿಂತು ಅವರು, ಇದು ಖಂಡಿತ ಕಟ್ಟಿಕೊಳ್ಳುವುದಿಲ್ಲವೇ ಎಂದು ಕೇಳಿದರು. ಖಂಡಿತ ಎನ್ನಲಾರೆ, ಕೆಲವರಲ್ಲಿ ಹೆಚ್ಚು ಕಾಲ ಬಾಳಿದೆ, ಕೆಲವರಲ್ಲಿ ಏನೂ ವ್ಯತ್ಯಾಸ ಕಂಡಿಲ್ಲ, ಲೇಪವೂ ಕಾಲ ಕಳೆದಂತೆ ಸವೆಯುತ್ತದೆ ಎಂದಳು ಅವಳು. ಹಾಗಾದರೆ ನೀನು ಬೇಗ ಬಾಟಲಿಯಿಂದ ಹೊರಗೆ ಬಾ ಎಂದರು ಅಜ್ಜ. ಅವಳು ನಕ್ಕು, ಅಜ್ಜಿಗೆ ಕೊಟ್ಟ ಮಾತಿಗಾಗಿ ಅಂದು ಬಾಯಿ ಮುಚ್ಚಿಕೊಂಡಿದ್ದೆ, ಬೈಯಬೇಡಿ ಎಂದಳು. ಅವರು ಬೈಯಲಿಲ್ಲ. ನಿನ್ನ ಅಜ್ಜಿ ಆಣೆ ಹಾಕಿಸಿಕೊಳ್ಳುವುದರಲ್ಲಿ ಮೊದಲಿಂದಲೂ ಗಟ್ಟಿಗಿತ್ತಿ ಎಂದರು.

ಮನೆಗೆ ಬಂದ ಮೇಲೆ ಶ್ವೇತಳ ಕೈ ಊದಿಕೊಂಡಿತ್ತು. ಆ ದಿನಗಳಲ್ಲಿ ಅವಳು ಲಿಂಗವನ್ನು ಕಣ್ಣಿಗೊತ್ತಿ ನಮಸ್ಕಾರ ಮಾತ್ರ ಮಾಡುತ್ತಿದ್ದಳು. ಪರಮಶಿವಯ್ಯನವರು ಆ ಕೈಯನ್ನು ಮುಟ್ಟಲಿಲ್ಲ. ಮುಟ್ಟಿದರೆ ಏನು ಸಿಗುತ್ತದೋ ಎಂಬ ಭಯ. ಮಿಡಿತ ನೋಡುವ ಕೆಲಸವನ್ನು ಕಾಂತೇಶ್ ವಹಿಸಿಕೊಂಡಿದ್ದ. ಅಂಗಡಿಯಿಂದ ದಿನಕ್ಕೆ ಎರಡು ಸಲ ಓಡಿ ಬಂದು, ಪಂಪಿನ ಬೇರಿಂಗಿಗೆ ಕಿವಿಗೊಡುವವನ ಹಾಗೆ ತಲೆ ಓರೆ ಮಾಡಿ ಮುಟ್ಟಿ, "ಓಡ್ತಾ ಇದೆ ಮಾವ" ಎಂದು ಬಾಗಿಲಿನಿಂದಲೇ ಹೇಳಿ ಹೋಗುತ್ತಿದ್ದ. ಇವರು ಹೂಂ ಎನ್ನುತ್ತಿದ್ದರು. ಅವನು ಹೋದ ಮೇಲೆ ಫ್ರಿಜ್ಜಿನ ಬಾಗಿಲ ಮೇಲೆ ಕೈ ಇಡುತ್ತಿದ್ದರು.

ಊತ ಇಳಿದು, ಹೊಲಿಗೆ ಬಿಚ್ಚಿದ ಮರುದಿನ ಬೆಳಿಗ್ಗೆ ಶ್ವೇತ ಸ್ನಾನ ಮಾಡಿ ಬಂದು ಅಪ್ಪನ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತಳು. ವಿಭೂತಿ ಧರಿಸಿ, ಕರಡಿಗೆಯನ್ನು ಬಿಚ್ಚಿ, ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡಳು. ತಾಯಿಯ ಹಾಗೆಯೇ ಮೊಣಕೈ ಮಡಿಚಿ, ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿದಳು.

"ಮಡಿಚ್ಬೇಡ" ಎಂದರು ಪರಮಶಿವಯ್ಯನವರು.

ತಮ್ಮ ಪೂಜೆಯನ್ನು ಇನ್ನೂ ಆರಂಭಿಸಿರಲಿಲ್ಲ. ಅವರು ಮಣೆಯನ್ನು ಅವಳ ಎದುರಿಗೆ ಸರಿಸಿಕೊಂಡರು. ಅವಳ ಕೈಯನ್ನು ಮುಂದಕ್ಕೆ ನೀಡಿಸಿ, ಮುಂಗೈಯ ಕೆಳಗೆ ತಮ್ಮ ಬಲ ಅಂಗೈಯನ್ನು ಆಸರೆಯಾಗಿ ಕೊಟ್ಟರು. ಲಿಂಗವನ್ನು ಅವರು ಮುಟ್ಟಲಿಲ್ಲ. ಪೂಜೆಯ ಹೊತ್ತಿನಲ್ಲಿ ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಕೈಯ ಭಾರವನ್ನಷ್ಟೇ ಹೊತ್ತರು. ಹಾಗೆ ಒಬ್ಬರು ಇನ್ನೊಬ್ಬರ ಕೈಹಿಡಿದು ಪೂಜೆ ಮಾಡಿಸುವ ಕ್ರಮ ಅವರು ಎಲ್ಲಿಯೂ ಕೇಳಿರಲಿಲ್ಲ, ಕಂಡಿರಲಿಲ್ಲ. ಶ್ವೇತ ಒಂದು ಕ್ಷಣ ಅವರ ಮುಖ ನೋಡಿ, ಬಲಗೈಯಿಂದ ಲಿಂಗಕ್ಕೆ ನೀರೆರೆದು, ವಿಭೂತಿ ಹಚ್ಚಿ, ಪತ್ರೆಯ ದಳವನ್ನಿಟ್ಟಳು. ಬೆರಳ ಸಂದಿನಿಂದ ನೀರು ಇಳಿದು ಅವರ ಮಣಿಕಟ್ಟಿಗೆ ಬಂತು.

ಮೊದಲು ಏನೂ ತಿಳಿಯಲಿಲ್ಲ. ಉಸಿರು ಬಿಗಿಹಿಡಿದು, ಪಂಚಾಕ್ಷರಿಯನ್ನು ಮನಸ್ಸಿನಲ್ಲಿ ಹಿಡಿದು ಕಾದರು. ಆಗ ಚರ್ಮದಡಿಯಿಂದ ಅದು ಬಂತು, ಸಣ್ಣಗೆ, ಬಿಡದೆ, ಗುಂಯ್ ಎಂದು. ಇದು ನೀಲಾಂಬಿಕೆಯದರ ಹಾಗಿರಲಿಲ್ಲ. ಇದರ ಶ್ರುತಿ ಸ್ವಲ್ಪ ಮೇಲಿತ್ತು. ಎಷ್ಟು ದಿನ ಇರುತ್ತದೋ ಶಿವನೇ ಬಲ್ಲ.

ಶ್ವೇತ ಲಿಂಗದಿಂದ ದೃಷ್ಟಿ ಕದಲಿಸದೆಯೇ, ಸಿಕ್ಕಿತಾ ಅಪ್ಪಾಜಿ ಎಂದು ಕೇಳಿದಳು.

"ಸಿಕ್ತು. ನೀನು ಪೂಜೆ ಮುಗಿಸು" ಎಂದರು ಪರಮಶಿವಯ್ಯನವರು. ಅವರು ಕೈ ತೆಗೆಯಲಿಲ್ಲ.